ಕ್ಲೌಡ್‌ನಲ್ಲಿಟ್ಟ ನಿಮ್ಮದೇ ಹಾಡುಗಳು ಡೌನ್‌ಲೋಡ್ ಆಗುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳ ಬಾಡಿಗೆ ಕಟ್ಟಿ ಕೇಳುವ ಹಾಡುಗಳ ವಿಷಯ ಇದಲ್ಲ. ಸಿ.ಡಿ.ಯಿಂದ ತೆಗೆದಿಟ್ಟದ್ದು, ಅಪ್ಪನ ಕಾಲದ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸಿಕೊಂಡದ್ದು, ಊರಿನ ಯಕ್ಷಗಾನದ ಆಟ, ತಾಳಮದ್ದಳೆ, ಹರಿಕಥೆಗಳ ರೆಕಾರ್ಡಿಂಗು, ದುಡ್ಡು ಕೊಟ್ಟು ಕೊಂಡ ಆಲ್ಬಮ್ಮು ಇಂಥವನ್ನು ಯೂಟ್ಯೂಬ್ ಮ್ಯೂಸಿಕ್‌ಗೋ ಆ್ಯಪಲ್‌ನ ಲೈಬ್ರರಿಗೋ ಗೂಗಲ್ ಡ್ರೈವ್‌ಗೋ ಏರಿಸಿಟ್ಟವರಿಗಾಗಿ ಈ ಪುಟ. ಏರಿಸುವಾಗ ಎಲ್ಲ ಸಲೀಸು, ಇಳಿಸಿಕೊಳ್ಳುವಾಗಲೇ ಕಿರಿಕಿರಿ.

‘ಡೌನ್‌ಲೋಡ್ ಆಗಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂದಷ್ಟೇ ಬರುತ್ತದೆ. ಎಲ್ಲಿಂದ ಶುರು ಮಾಡಬೇಕು?

ಮೊದಲು ಆ ‘ಮತ್ತೆ ಪ್ರಯತ್ನಿಸಿ’ ಗುಂಡಿಯಿಂದ ಕೈ ತೆಗೆಯಿರಿ. ಒಂದೇ ಸಮನೆ ಒತ್ತುತ್ತಿದ್ದರೆ ಕೆಲವು ಸೇವೆಗಳು ನಿಮ್ಮನ್ನು ಸ್ವಲ್ಪ ಹೊತ್ತು ತಡೆದೇ ಬಿಡುತ್ತವೆ. ಗೂಗಲ್‌ನಲ್ಲಿಟ್ಟದ್ದನ್ನೆಲ್ಲ ಒಟ್ಟಿಗೆ ಇಳಿಸಿಕೊಡುವ ಗೂಗಲ್ ಟೇಕ್‌ಔಟ್‌ನಲ್ಲಂತೂ ಎಷ್ಟು ಸಲ ಇಳಿಸಬಹುದು ಎಂಬುದಕ್ಕೇ ಲೆಕ್ಕವಿದೆ (ಅದು ಕೆಳಗೆ ಬರುತ್ತದೆ).

ಆಮೇಲೆ ನೋಡಬೇಕಾದ್ದು ಇಷ್ಟು: ಕೈಕೊಡುತ್ತಿರುವುದು ಒಂದು ಹಾಡೋ ಎಲ್ಲ ಹಾಡುಗಳೋ? ಒಂದೇ ಹಾಡು, ಮೊಬೈಲ್‌ನಲ್ಲೂ ಇಲ್ಲ, ಕಂಪ್ಯೂಟರ್‌ನಲ್ಲೂ ಇಲ್ಲ ಅಂದರೆ ತೊಂದರೆ ಆ ಫೈಲಿನದ್ದು. ಎಲ್ಲ ಹಾಡೂ ಒಂದೇ ಮೊಬೈಲ್‌ನಲ್ಲಿ ಮಾತ್ರ ಇಳಿಯುತ್ತಿಲ್ಲವಾದರೆ ಆ ಮೊಬೈಲ್‌ನ ಜಾಗ, ಬ್ಯಾಟರಿ ಸೇವರ್, ‘ವೈಫೈ ಇದ್ದಾಗ ಮಾತ್ರ ಡೌನ್‌ಲೋಡ್’ ಎಂಬ ಸೆಟ್ಟಿಂಗ್, ತಾರೀಖು–ಸಮಯ ಸರಿ ಇದೆಯೇ ಎಂಬುದು, ಇವನ್ನು ನೋಡಿ. ಗಡಿಯಾರ ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಏರ್ಪಡುವುದಿಲ್ಲ. ಬ್ಯಾಟರಿ ಸತ್ತು ಎದ್ದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು. ಎಲ್ಲ ಹಾಡೂ ಎಲ್ಲ ಕಡೆಯೂ ನಿಂತಿದ್ದರೆ ಖಾತೆ, ಚಂದಾ ಅಥವಾ ಸೇವೆಯ ಕಡೆಯ ತೊಂದರೆ. ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ ನೋಡಿದರೆ ಆಫೀಸಿನ ಅಥವಾ ಹಾಸ್ಟೆಲ್ಲಿನ ಫೈರ್‌ವಾಲ್‌ನ ಅನುಮಾನವೂ ತೀರುತ್ತದೆ.

403, 404, 416, 429, 503: ಎರರ್ ಜೊತೆ ಬರುವ ಈ ಸಂಖ್ಯೆಗಳು ಏನು ಹೇಳುತ್ತವೆ?

401 ಅಥವಾ 403 ಬಂದರೆ ನೀವು ಯಾರೆಂದು ಸರ್ವರ್‌ಗೆ ಗೊತ್ತಾಗಿಲ್ಲ, ಇಲ್ಲವೇ ಗೊತ್ತಾಗಿಯೂ ಅನುಮತಿ ಇಲ್ಲ. ಬಹಳ ಸಲ ಬೇರೆ ಖಾತೆಯಲ್ಲಿ ಲಾಗಿನ್ ಆಗಿರುತ್ತೀರಿ, ಅಥವಾ ಬೆಳಿಗ್ಗೆ ತೆರೆದಿಟ್ಟ ಪುಟದ ಲಿಂಕ್ ಸಂಜೆಗೆ ಅವಧಿ ಮೀರಿರುತ್ತದೆ. ಪುಟವನ್ನು ಹೊಸದಾಗಿ ತೆರೆದು ಅಲ್ಲಿಂದಲೇ ಇಳಿಸಿ. ನಕಲು ಮಾಡಿಟ್ಟುಕೊಂಡ ಹಳೆಯ ಲಿಂಕ್ ಬೇಡ. 404 ಎಂದರೆ ಆ ವಿಳಾಸದಲ್ಲಿ ಫೈಲ್ ಇಲ್ಲ. 416 ಬರುವುದು ಅರ್ಧಕ್ಕೆ ನಿಂತದ್ದನ್ನು ಮುಂದುವರಿಸಲು ಹೋದಾಗ: ನಿಮ್ಮಲ್ಲಿರುವ ಅರ್ಧಕ್ಕೂ ಸರ್ವರ್‌ನಲ್ಲಿರುವುದಕ್ಕೂ ತಾಳೆಯಾಗುತ್ತಿಲ್ಲ. ಆ ಅರ್ಧ ಫೈಲನ್ನು ಅಳಿಸಿ ಮೊದಲಿನಿಂದ ಶುರು ಮಾಡಿ. 429 ಅಂದರೆ ತೀರಾ ಹೆಚ್ಚು ಸಲ ಕೇಳಿದ್ದೀರಿ, ಸುಮ್ಮನೆ ಸ್ವಲ್ಪ ಹೊತ್ತು ಬಿಡಿ. 500, 503 ಅವರ ಕಡೆಯ ತೊಂದರೆ, ನೀವು ಮಾಡುವಂಥದ್ದು ಏನೂ ಇಲ್ಲ.

ಆ್ಯಪ್‌ನಲ್ಲಿ ಡೌನ್‌ಲೋಡ್ ಆಗಿದೆ ಎಂದು ಟಿಕ್ ಬಂದಿದೆ, ಆದರೆ ಫೋನಿನಲ್ಲಿ ಎಷ್ಟು ಹುಡುಕಿದರೂ ಫೈಲ್ ಸಿಗುತ್ತಿಲ್ಲ. ಎರರ್ ಆಗಿದೆಯಾ?

ಎರರ್ ಅಲ್ಲ. ಆ್ಯಪ್ ಇಳಿಸಿಕೊಂಡಿರುವುದು ತನಗಾಗಿ. ನೆಟ್ ಇಲ್ಲದಾಗಲೂ ಹಾಡಲಿ ಎಂದು ತನ್ನ ಖಾಸಗಿ ಜಾಗದಲ್ಲಿ ಇಟ್ಟುಕೊಂಡಿದೆ. ಫೈಲ್ ಮ್ಯಾನೇಜರ್‌ಗೆ ಅಲ್ಲಿಗೆ ಪ್ರವೇಶವಿಲ್ಲ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಅದೂ ಹೋಗುತ್ತದೆ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ನೀವೇ ಏರಿಸಿದ ಹಾಡುಗಳನ್ನು ಹೀಗೆ ಆಫ್‌ಲೈನ್ ಇಟ್ಟುಕೊಳ್ಳಲು ಪ್ರೀಮಿಯಂ ಚಂದಾ ಬೇಕಿಲ್ಲ, ಜಾಹೀರಾತೂ ಬರುವುದಿಲ್ಲ. ಆದರೆ ಅದು ಕೇಳುವುದಕ್ಕೆ ಮಾತ್ರ. ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲು, ತಮ್ಮನಿಗೆ ಕಳಿಸಲು ಆಗುವುದಿಲ್ಲ.

ಹೊಸ ಫೋನ್ ಕೊಂಡು ಹಳೆಯದನ್ನು ಮಾರುವವರು ಇದನ್ನು ವಿಶೇಷವಾಗಿ ಗಮನಿಸಿ. ‘ಎಲ್ಲ ಹಾಡೂ ಫೋನಿನಲ್ಲೇ ಡೌನ್‌ಲೋಡ್ ಆಗಿದೆಯಲ್ಲ’ ಎಂದುಕೊಂಡು ಕ್ಲೌಡ್‌ನಿಂದ ಅಳಿಸಿಬಿಟ್ಟರೆ ಆ ಹಾಡುಗಳ ಕತೆ ಅಲ್ಲಿಗೆ ಮುಗಿಯಿತು. ಕೈಗೆ ಸಿಗುವ ನಿಜವಾದ ಫೈಲ್ ಬೇಕಿದ್ದರೆ ಗೂಗಲ್‌ನಲ್ಲಿ ಟೇಕ್‌ಔಟ್, ಆ್ಯಪಲ್‌ನಲ್ಲಿ ಕಂಪ್ಯೂಟರಿನ ಮ್ಯೂಸಿಕ್ ಆ್ಯಪ್, ಇವೇ ದಾರಿ.

ಇಳಿದ ಹಾಡು ಪ್ಲೇ ಆಗುತ್ತಿಲ್ಲ. ‘ಫೈಲ್ ಹಾಳಾಗಿದೆ’ ಅನ್ನುತ್ತದೆ.

ಫೈಲಿನ ಗಾತ್ರ ನೋಡಿ. ಐದು ನಿಮಿಷದ ಹಾಡು 320 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 12 ಎಂಬಿ, 128ರಲ್ಲಿ ಐದು ಎಂಬಿಯ ಆಸುಪಾಸು. ನಿಮ್ಮದು 14 ಕೆಬಿ ಇದ್ದರೆ ಅದು ಹಾಡೇ ಅಲ್ಲ. ಬಲಗುಂಡಿ ಒತ್ತಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ನಿಜವಾದ ಎಂಪಿ3 ಆಗಿದ್ದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಅದರ ಬದಲು ಎಚ್‌ಟಿಎಂಎಲ್ ಸಾಲುಗಳು, ನಡುವೆ ‘ರೂಮ್ ನಂಬರ್ ಮತ್ತು ಮೊಬೈಲ್ ಸಂಖ್ಯೆ ನಮೂದಿಸಿ’ ಎಂಬಂಥ ವಾಕ್ಯ ಕಂಡರೆ ನಿಮಗೆ ಸಿಕ್ಕಿರುವುದು ಲಾಡ್ಜಿನ ವೈಫೈ ಲಾಗಿನ್ ಪುಟ! ನೀವು ಹಾಡು ಬೇಕೆಂದು ಕೇಳಿದಿರಿ, ನಡುವೆ ನಿಂತ ವೈಫೈ ತನ್ನ ಪುಟ ಕಳಿಸಿತು, ಇಳಿಸುವ ತಂತ್ರಾಂಶ ಅದನ್ನೇ ಹಾಡಿನ ಹೆಸರಲ್ಲಿ ಉಳಿಸಿತು. ರೈಲ್ವೆ ನಿಲ್ದಾಣ, ವಿಮಾನ ನಿಲ್ದಾಣ, ಹಾಸ್ಟೆಲ್ ಎಲ್ಲೆಡೆ ಇದು ಆಗಬಹುದು. ಬ್ರೌಸರ್ ತೆರೆದು ವೈಫೈಗೆ ಲಾಗಿನ್ ಆಗಿ, ಆ ಸುಳ್ಳು ಫೈಲ್ ಅಳಿಸಿ, ಮತ್ತೆ ಇಳಿಸಿ.

ಗಾತ್ರ ಇರಬೇಕಾದ್ದಕ್ಕಿಂತ ಸ್ವಲ್ಪವೇ ಕಡಿಮೆಯಿದ್ದು, ಹಾಡು ಚರಣದ ಮಧ್ಯೆ ಕಟ್ ಆಗುತ್ತಿದ್ದರೆ ಸಂಪರ್ಕ ನಡುವೆ ಕಡಿದಿದೆ ಅಷ್ಟೇ.

ಯೂಟ್ಯೂಬ್ ಮ್ಯೂಸಿಕ್‌ಗೆ ಏರಿಸಿದ ಸಾವಿರಾರು ಹಾಡುಗಳನ್ನು ಒಟ್ಟಿಗೆ ವಾಪಸ್ ಪಡೆಯುವುದು ಹೇಗೆ? ಟೇಕ್‌ಔಟ್ ಅರ್ಧಕ್ಕೆ ನಿಲ್ಲುತ್ತದೆ.

ಯೂಟ್ಯೂಬ್ ಮ್ಯೂಸಿಕ್ ಒಬ್ಬರಿಗೆ 1,00,000 ಹಾಡುಗಳವರೆಗೆ ಜಾಗ ಕೊಡುತ್ತದೆ. ಅಷ್ಟನ್ನು ಇಳಿಸುವ ಬಾಗಿಲು ಗೂಗಲ್ ಟೇಕ್‌ಔಟ್. ಅಲ್ಲಿ ಹೆಚ್ಚಿನವರು ಎಡವುವುದು ಆಯ್ಕೆ ಮಾಡುವ ಹಂತದಲ್ಲೇ. ಟೇಕ್‌ಔಟ್ ತೆರೆದ ಕೂಡಲೇ ಬಹುತೇಕ ಎಲ್ಲಕ್ಕೂ ಟಿಕ್ ಬಿದ್ದಿರುತ್ತದೆ: ಫೋಟೋ, ಮೇಲ್, ಡ್ರೈವ್, ನಕ್ಷೆ. ಮೊದಲು ಎಲ್ಲದರ ಟಿಕ್ ತೆಗೆಯಿರಿ. ಆಮೇಲೆ ಯೂಟ್ಯೂಬ್ ಮತ್ತು ಯೂಟ್ಯೂಬ್ ಮ್ಯೂಸಿಕ್ ಒಂದನ್ನೇ ಆರಿಸಿ, ಅದರ ಒಳಗೂ ಹೋಗಿ ಸಂಗೀತಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಉಳಿಸಿ. ಇಲ್ಲದಿದ್ದರೆ ಮಗಳ ನಾಮಕರಣದ ವಿಡಿಯೋದಿಂದ ಹಿಡಿದು ನೀವು ಯೂಟ್ಯೂಬ್‌ಗೆ ಹಾಕಿದ ಎಲ್ಲ ವಿಡಿಯೋಗಳೂ ಸೇರಿ ಹತ್ತಾರು ಜಿಬಿ ಆಗಿ, ಅದರಡಿ ಹಾಡುಗಳು ಎಲ್ಲಿವೆಯೋ ಹುಡುಕಬೇಕು.

ಮುಂದಿನ ಹಂತದಲ್ಲಿ ಕಂತೆಯ ಗಾತ್ರ ಕೇಳುತ್ತದೆ: 1, 2, 4, 10 ಅಥವಾ 50 ಜಿಬಿ. ಮನೆಯ ನೆಟ್ ಆಗಾಗ ಕೈಕೊಡುತ್ತದೆ ಅಂದರೆ 1 ಅಥವಾ 2 ಜಿಬಿಯೇ ಇಟ್ಟುಕೊಳ್ಳಿ, ಕಂತೆಗಳ ಸಂಖ್ಯೆ ಹೆಚ್ಚಾದರೂ ಪರವಾಗಿಲ್ಲ. 50 ಜಿಬಿಯ ಒಂದೇ ಕಂತೆ 48ನೇ ಜಿಬಿಯಲ್ಲಿ ನಿಂತರೆ ಆಗುವ ಸಂಕಟ ಯಾರಿಗೂ ಬೇಡ. ಪ್ರತಿ ಕಂತೆಯನ್ನೂ ಐದು ಸಲ ಮಾತ್ರ ಇಳಿಸಲು ಬಿಡುತ್ತಾರೆ, ಲಿಂಕ್ ಬದುಕಿರುವುದು ಸುಮಾರು ಒಂದು ವಾರ. ವಾರಾಂತ್ಯದಲ್ಲಿ ಬಿಡುವಿದ್ದರೆ ಗುರುವಾರವೋ ಶುಕ್ರವಾರವೋ ಕೋರಿಕೆ ಹಾಕಿ. ಕಂತೆ ಕಟ್ಟಲು ಅವರಿಗೂ ಕೆಲವು ಗಂಟೆ, ಒಮ್ಮೊಮ್ಮೆ ದಿನಗಟ್ಟಲೆ ಬೇಕಾಗುತ್ತದೆ. ಅವಧಿ ಮೀರಿದರೆ ಹಾಡುಗಳಿಗೇನೂ ಆಗಿಲ್ಲ, ಹೊಸ ಕೋರಿಕೆ ಹಾಕಿದರಾಯಿತು.

ಕಂತೆಯನ್ನು ನೇರವಾಗಿ ಗೂಗಲ್ ಡ್ರೈವ್‌ಗೆ ಕಳಿಸುವ ಆಯ್ಕೆಯೂ ಇದೆ. ಆದರೆ ಅದು ನಿಮ್ಮ ಡ್ರೈವ್ ಜಾಗವನ್ನೇ ತಿನ್ನುತ್ತದೆ. ಉಚಿತ 15 ಜಿಬಿ ಈಗಾಗಲೇ ತುಂಬಿದವರಿಗೆ ಇದು ಕೆಲಸಕ್ಕೆ ಬಾರದು.

ಟೇಕ್‌ಔಟ್‌ನಲ್ಲಿ ಒಂದೂ ಹಾಡು ಬರಲಿಲ್ಲವಾದರೆ ಖಾತೆ ನೋಡಿ. ಒಬ್ಬರಿಗೇ ಎರಡು ಮೂರು ಜಿಮೇಲ್ ಇರುವುದು ಈಗ ಸಾಮಾನ್ಯ, ಜೊತೆಗೆ ಚಾನೆಲ್‌ಗಾಗಿ ಮಾಡಿದ ಬ್ರ್ಯಾಂಡ್ ಖಾತೆ ಬೇರೆ. ಯೂಟ್ಯೂಬ್ ಮ್ಯೂಸಿಕ್ ತೆರೆದು ಲೈಬ್ರರಿಯಲ್ಲಿ ‘ಅಪ್‌ಲೋಡ್‌ಗಳು’ ಆರಿಸಿದಾಗ ಹಾಡುಗಳು ಯಾವ ಖಾತೆಯಲ್ಲಿ ಕಾಣುತ್ತವೋ ಅದೇ ಖಾತೆಯಿಂದ ಟೇಕ್‌ಔಟ್‌ಗೆ ಹೋಗಿ.

ಜಿಪ್ ಬಿಚ್ಚುವಾಗ ಕನ್ನಡ ಹೆಸರಿನ ಹಾಡುಗಳು ಮಾತ್ರ ಎರರ್ ಕೊಡುತ್ತವೆ. ಇಂಗ್ಲಿಷ್ ಹೆಸರಿನವು ಸರಿಯಾಗಿ ಬರುತ್ತವೆ. ಏಕೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ಕಾರಣ ಕಣ್ಣಿಗೆ ಕಾಣುವುದಿಲ್ಲ, ಎಣಿಸಿದರೆ ಮಾತ್ರ ಸಿಗುತ್ತದೆ.

ಆಂಡ್ರಾಯ್ಡ್ ಫೋನ್ ಮತ್ತು ಲಿನಕ್ಸ್‌ಗಳಲ್ಲಿ ಬಳಕೆಯಲ್ಲಿರುವ ಫೈಲ್ ವ್ಯವಸ್ಥೆಗಳು ಒಂದು ಹೆಸರಿಗೆ 255 ಬೈಟ್‌ವರೆಗೆ ಮಾತ್ರ ಜಾಗ ಕೊಡುತ್ತವೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಮೂರು. ಅದರ ಮೇಲೆ ಒತ್ತು, ಗುಣಿತಗಳು ಬೇರೆ ಬೇರೆ ಸಂಕೇತಗಳು. ‘ಯಕ್ಷಗಾನ’ ನಮ್ಮ ಕಣ್ಣಿಗೆ ನಾಲ್ಕಕ್ಷರ. ಯಂತ್ರಕ್ಕೆ ಯ, ಕ, ಹಲಂತದ ಗುರುತು, ಷ, ಗ, ದೀರ್ಘ, ನ ಎಂದು ಏಳು ಸಂಕೇತ, ಅಂದರೆ 21 ಬೈಟ್. ‘ತಾಳಮದ್ದಳೆ’ ಒಂಬತ್ತು ಸಂಕೇತ, 27 ಬೈಟ್. ನಡುವಿನ ಜಾಗ ಸೇರಿ ಈ ಎರಡೇ ಪದಕ್ಕೆ 49 ಬೈಟ್ ಹೋಯಿತು. ಪ್ರಸಂಗದ ಹೆಸರು, ಮೇಳ, ಭಾಗವತರು, ಮದ್ದಳೆ, ಊರು, ತಾರೀಖು ಎಲ್ಲವನ್ನೂ ಫೈಲಿನ ಹೆಸರಲ್ಲೇ ತುಂಬುವ ನಮ್ಮ ಅಭ್ಯಾಸಕ್ಕೆ 255 ಎಲ್ಲಿ ಸಾಕಾಗುತ್ತದೆ? ಸಂಕೇತಗಳ ಲೆಕ್ಕದಲ್ಲಿ 85 ದಾಟಿದರೆ ‘ಹೆಸರು ತೀರಾ ಉದ್ದವಾಯಿತು’ ಎಂದು ಫೋನ್ ನಿರಾಕರಿಸುತ್ತದೆ. ಕೆಲವು ಆ್ಯಪ್‌ಗಳು ಕಾರಣ ಹೇಳದೆ ಬರೀ ‘ವಿಫಲ’ ಅನ್ನುತ್ತವೆ.

ವಿಂಡೋಸ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಹೆಸರಿಗೆ ಜಾಗ ಧಾರಾಳ, ಆದರೆ ಫೋಲ್ಡರ್‌ಗಳೆಲ್ಲ ಸೇರಿದ ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ಹಲವು ತಂತ್ರಾಂಶಗಳು ತಡವರಿಸುತ್ತವೆ. ಟೇಕ್‌ಔಟ್‌ನ ಕಂತೆಯಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಇರುವುದರಿಂದ ಡೌನ್‌ಲೋಡ್ಸ್‌ನಲ್ಲೇ ಬಿಚ್ಚಬೇಡಿ. ಡಿ ಡ್ರೈವ್‌ನ ಬುಡದಲ್ಲಿ ಒಂದೇ ಅಕ್ಷರದ ಹೆಸರಿನ ಫೋಲ್ಡರ್ ಮಾಡಿ, ಅಲ್ಲಿಗೆ ಬಿಚ್ಚಿ. ಹೆಸರುಗಳು ವಿಚಿತ್ರ ಚಿಹ್ನೆಗಳಾಗಿ ಬಂದರೆ ಹಳೆಯ ಜಿಪ್ ತಂತ್ರಾಂಶ ಬಿಟ್ಟು ಉಚಿತವಾಗಿ ಸಿಗುವ 7-ಜಿಪ್ ಬಳಸಿ. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್ (:), ಓರೆಗೆರೆ, ನಕ್ಷತ್ರ ಇದ್ದರೂ ವಿಂಡೋಸ್ ಒಪ್ಪುವುದಿಲ್ಲ. ಹಾಡಿನ ಹೆಸರೇ ಪ್ರಶ್ನೆಯಾಗಿದ್ದರೆ ಆ ಚಿಹ್ನೆ ಬಿಡಲೇಬೇಕು.

ವಿವರಗಳನ್ನು ಫೈಲಿನ ಹೆಸರಿನಿಂದ ತೆಗೆದು ಟ್ಯಾಗ್‌ಗೆ (ಫೈಲಿನ ಒಳಗೇ ಇರುವ ವಿವರಪಟ್ಟಿಗೆ) ಹಾಕಿ. ಕಲಾವಿದರು, ಆಲ್ಬಮ್, ವರ್ಷ, ಟಿಪ್ಪಣಿ ಎಲ್ಲಕ್ಕೂ ಅಲ್ಲಿ ಜಾಗವಿದೆ.

ಒಂದೇ ಹೆಸರಿನ ಹಾಡು ಒಂದೇ ಫೋಲ್ಡರ್‌ನಲ್ಲಿ ಎರಡೆರಡು ಸಲ ಇಳಿದಿದೆ. ಅಕ್ಷರ ಅಕ್ಷರ ನೋಡಿದರೂ ವ್ಯತ್ಯಾಸವಿಲ್ಲ.

ಹಳೆಯ ಮ್ಯಾಕ್‌ನಿಂದ ಏರಿಸಿದ್ದೇ? 2017ರಲ್ಲಿ ಹೊಸ ಫೈಲ್ ವ್ಯವಸ್ಥೆ ಬರುವ ಮೊದಲಿನ ಮ್ಯಾಕ್‌ಗಳು ಹೆಸರನ್ನು ಬಿಡಿಸಿ ಉಳಿಸುತ್ತಿದ್ದವು. ‘ಕೋ’ ಎಂಬಲ್ಲಿ ‘ಓ’ಕಾರದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ತಂತ್ರಾಂಶದ ಪಾಲಿಗೆ ಎರಡು ಬೇರೆ ಹೆಸರು, ಹಾಗಾಗಿ ‘ಇದು ಈಗಾಗಲೇ ಇದೆ’ ಎಂದು ಅದಕ್ಕೆ ಹೊಳೆಯುವುದೇ ಇಲ್ಲ. ಎರಡರ ಗಾತ್ರವೂ ಅವಧಿಯೂ ಒಂದೇ ಇದ್ದರೆ ಒಂದನ್ನು ಧೈರ್ಯವಾಗಿ ಅಳಿಸಿ.

ಆ್ಯಪಲ್‌ನಲ್ಲಿ ಕೆಲವು ಹಾಡುಗಳ ಪಕ್ಕ ಡೌನ್‌ಲೋಡ್ ಗುರುತೇ ಇಲ್ಲ, ಕೆಲವು ಬೂದು ಬಣ್ಣಕ್ಕೆ ತಿರುಗಿವೆ.

ಐಫೋನ್‌ನಲ್ಲಿ ಕೂತು ಪರದಾಡಬೇಡಿ. ಕಂಪ್ಯೂಟರಿನ ಮ್ಯೂಸಿಕ್ ಆ್ಯಪ್‌ನಲ್ಲಿ ಹಾಡುಗಳ ಪಟ್ಟಿ ತೆರೆದು, ಕಾಲಂಗಳಲ್ಲಿ ‘ಕ್ಲೌಡ್ ಸ್ಟೇಟಸ್’ ಕಾಣುವಂತೆ ಮಾಡಿ. ಉತ್ತರ ಅಲ್ಲೇ ಬರೆದಿರುತ್ತದೆ. ‘ಅಪ್‌ಲೋಡೆಡ್’, ‘ಮ್ಯಾಚ್ಡ್’, ‘ಪರ್ಚೇಸ್ಡ್’ ಇದ್ದರೆ ಇಳಿಯಬೇಕು. ‘ವೇಟಿಂಗ್’ ಇದ್ದರೆ ಹಾಡು ಇನ್ನೂ ಮೇಲಕ್ಕೇ ಹೋಗಿಲ್ಲ. ‘ಎರರ್’ ಇದ್ದರೆ ಮೂಲ ಫೈಲೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅದನ್ನು ಹೊಸದಾಗಿ ಪರಿವರ್ತಿಸಿ ಸೇರಿಸಿ.

‘ಇನೆಲಿಜಿಬಲ್’ ಎಂದಿದ್ದರೆ ಅದು ಮೇಲೆ ಹೋಗುವುದೂ ಇಲ್ಲ, ಬೇರೆ ಸಾಧನಕ್ಕೆ ಇಳಿಯುವುದೂ ಇಲ್ಲ. 200 ಎಂಬಿ ಮೀರಿದ್ದು, ಎರಡು ಗಂಟೆ ಮೀರಿದ್ದು ಈ ಗುಂಪಿಗೆ ಬೀಳುತ್ತವೆ. ಇಡೀ ರಾತ್ರಿಯ ಆಟವನ್ನು ಒಂದೇ ಫೈಲಾಗಿ ಇಟ್ಟವರಿಗೆ ಆ್ಯಪಲ್ ಸರಿಹೊಂದುವುದಿಲ್ಲ ಎಂಬುದು ಇದರ ಅರ್ಥ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಒಂದೊಂದು ಗಂಟೆಯ ತುಂಡು ಮಾಡಿ, ಪದ್ಯದ ನಡುವೆ ಕತ್ತರಿ ಹಾಕದೆ ಅರ್ಥ (ಪಾತ್ರಧಾರಿಯ ಮಾತು) ಮುಗಿದ ಕಡೆ ಕತ್ತರಿಸಿ.

ಚಂದಾ ಮುಗಿದಿದ್ದರೆ ಈ ಯಾವುದೂ ಲೆಕ್ಕಕ್ಕಿಲ್ಲ. ಆ್ಯಪಲ್ ಮ್ಯೂಸಿಕ್ ಅಥವಾ ಐಟ್ಯೂನ್ಸ್ ಮ್ಯಾಚ್ ಚಂದಾ ನಿಂತಾಗ ಕ್ಲೌಡ್ ಲೈಬ್ರರಿಯ ಬಾಗಿಲೂ ಮುಚ್ಚುತ್ತದೆ. ನವೀಕರಣ ಬೇಡ ಎಂದು ನಿರ್ಧರಿಸಿದ್ದರೆ ಅದಕ್ಕೂ ಮೊದಲೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಇಳಿದದ್ದು ನಾನು ಏರಿಸಿದ ರೆಕಾರ್ಡಿಂಗ್ ಅಲ್ಲ, ಬೇರೆಯದೇ!

‘ಮ್ಯಾಚ್ಡ್’ ಎಂದರೆ ಆ್ಯಪಲ್ ನಿಮ್ಮ ಫೈಲನ್ನು ಏರಿಸಿಯೇ ಇಲ್ಲ. ತನ್ನ ಸಂಗ್ರಹದಲ್ಲಿ ಅದೇ ಹಾಡು ಇದೆ ಎಂದು ಗುರುತಿಸಿ ಅದನ್ನೇ ತೋರಿಸುತ್ತಿದೆ. ಇಳಿಸಿದಾಗ 256 ಕೆಬಿಪಿಎಸ್‌ನ ಎಎಸಿ (ಎಂಪಿ3ಯಂಥದ್ದೇ ಇನ್ನೊಂದು ರೂಪ) ಪ್ರತಿ ಬರುತ್ತದೆ. ಹಳೆಯ 128ರ ಎಂಪಿ3 ಇಟ್ಟವರಿಗೆ ಇದು ಲಾಭ. ಆದರೆ ಗಾಯಕರ ವೇದಿಕೆಯ ಹಾಡಿನ ಜಾಗಕ್ಕೆ ಸ್ಟುಡಿಯೋದ್ದು ಬಂದು ಕೂತರೆ ನಷ್ಟವೇ. ಕ್ಯಾಸೆಟ್‌ನಿಂದ ಡಬ್ಲ್ಯೂಎವಿಯಾಗಿ (ಗುಣಮಟ್ಟ ಕುಗ್ಗಿಸದ ದೊಡ್ಡ ಫೈಲಾಗಿ) ಉಳಿಸಿದ್ದನ್ನು ಏರಿಸಿದರೂ ವಾಪಸ್ ಬರುವುದು 256ರ ಎಎಸಿ, ನಿಮ್ಮ ಮೂಲವಲ್ಲ. ಅಪರೂಪದ ರೆಕಾರ್ಡಿಂಗ್‌ಗಳ ಮೂಲ ಫೈಲನ್ನು ಹಾರ್ಡ್ ಡಿಸ್ಕ್‌ನಿಂದ ಅಳಿಸಬೇಡಿ ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಯೂಟ್ಯೂಬ್ ಮ್ಯೂಸಿಕ್ ಡಬ್ಲ್ಯೂಎವಿಯನ್ನು ತೆಗೆದುಕೊಳ್ಳುವುದೇ ಇಲ್ಲ. ಫ್ಲ್ಯಾಕ್ ಮಾಡಿಕೊಳ್ಳಿ, ಗುಣಮಟ್ಟ ಕಳೆಯದೆ ಗಾತ್ರ ಇಳಿಯುತ್ತದೆ.

ಫೋನಿನಲ್ಲಿ ಜಾಗವಿಲ್ಲ ಎಂದು ಹಾಡು ಅಳಿಸಿದೆ. ಈಗ ಕಂಪ್ಯೂಟರಿನಲ್ಲೂ ಇಲ್ಲ.

ಆ್ಯಪಲ್‌ನ ಆ್ಯಪ್‌ನಲ್ಲಿ ‘ರಿಮೂವ್ ಡೌನ್‌ಲೋಡ್’ ಒತ್ತಬೇಕಿತ್ತು, ‘ಡಿಲೀಟ್ ಫ್ರಂ ಲೈಬ್ರರಿ’ ಒತ್ತಿದ್ದೀರಿ. ಮೊದಲನೆಯದು ಈ ಫೋನಿನ ಪ್ರತಿಯನ್ನು ಮಾತ್ರ ತೆಗೆಯುತ್ತದೆ, ಎರಡನೆಯದು ಎಲ್ಲ ಸಾಧನಗಳಿಂದಲೂ. ಎರಡು ಆಯ್ಕೆಗಳನ್ನು ಒಂದರ ಕೆಳಗೊಂದು ಇಟ್ಟವರನ್ನು ಬಯ್ಯುವುದರಲ್ಲಿ ತಪ್ಪಿಲ್ಲ. ತಕ್ಷಣ ಕಂಪ್ಯೂಟರಿನ ಕಸದ ಬುಟ್ಟಿ ನೋಡಿ, ಆಮೇಲೆ ಬ್ಯಾಕಪ್. ಐಟ್ಯೂನ್ಸ್ ಅಂಗಡಿಯಲ್ಲಿ ಕೊಂಡ ಹಾಡಾಗಿದ್ದರೆ ಖರೀದಿಗಳ ಪಟ್ಟಿಯಿಂದ ಮತ್ತೆ ಇಳಿಸಬಹುದು.

ಬೆಂಗಳೂರಿನಿಂದ ಅಮೆರಿಕಕ್ಕೆ ಬಂದು ಖಾತೆಯ ದೇಶ ಬದಲಿಸಿದ ಮೇಲೆ ಕನ್ನಡ ಹಾಡುಗಳು ಇಳಿಯುತ್ತಿಲ್ಲ.

ಹಾಡುಗಳ ಹಕ್ಕು ದೇಶದಿಂದ ದೇಶಕ್ಕೆ ಬೇರೆ. ಸೇವೆಯವರ ಸಂಗ್ರಹದಿಂದ ಬಂದ ಹಾಡು ಹೊಸ ದೇಶದಲ್ಲಿ ಲಭ್ಯವಿಲ್ಲದಿದ್ದರೆ ಬೂದು ಬಣ್ಣವಾಗುತ್ತದೆ. ಆ್ಯಪಲ್‌ನಲ್ಲಿ ದೇಶ ಬದಲಿಸಬೇಕಾದರೆ ಮೊದಲು ಚಂದಾ ರದ್ದಾಗಿ ಮುಗಿಯಬೇಕು; ಆ ನಡುವೆಯೇ ಲೈಬ್ರರಿ ಕೈತಪ್ಪಬಹುದು. ವಿಮಾನ ಹತ್ತುವ ಮೊದಲು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಂಡರೆ ನಿಶ್ಚಿಂತೆ. ಉಪ್ಪಿನಕಾಯಿ ಪ್ಯಾಕ್ ಮಾಡುವ ದಿನವೇ ಈ ಕೆಲಸವನ್ನೂ ಮುಗಿಸಿ.

ಗೂಗಲ್ ಡ್ರೈವ್‌ನಲ್ಲಿ ಚಿಕ್ಕಪ್ಪ ಹಂಚಿದ ಫೋಲ್ಡರ್ ಇಳಿಸಿದೆ. ಅರ್ಧ ಹಾಡುಗಳೇ ಇಲ್ಲ.

ದೊಡ್ಡ ಫೋಲ್ಡರನ್ನು ಡ್ರೈವ್ ಹಲವು ಜಿಪ್‌ಗಳಾಗಿ ಒಡೆಯುತ್ತದೆ, ತೀರಾ ದೊಡ್ಡ ಫೈಲುಗಳನ್ನು ಹೊರಗೇ ಇಟ್ಟು ಬಿಡಿಯಾಗಿ ಕಳಿಸುತ್ತದೆ. ಮೊದಲ ಜಿಪ್ ಬಂದ ಕೂಡಲೇ ಬ್ರೌಸರ್ ಮುಚ್ಚಿದ್ದರೆ ಉಳಿದವು ಬಂದಿರುವುದಿಲ್ಲ. ‘ಒಂದೇ ತಾಣದಿಂದ ಹಲವು ಫೈಲ್ ಇಳಿಸಲು ಅನುಮತಿಸುವುದೇ’ ಎಂದು ಕ್ರೋಮ್ ಕೇಳಿದ್ದಕ್ಕೆ ‘ಬೇಡ’ ಅಂದಿದ್ದರೂ ಹೀಗೇ ಆಗುತ್ತದೆ. ಲಿಂಕ್ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲೆಲ್ಲ ಓಡಾಡಿದ್ದರೆ ‘ಡೌನ್‌ಲೋಡ್ ಮಿತಿ ಮೀರಿದೆ’ ಎಂದೂ ಬರಬಹುದು. ಒಂದು ದಿನ ಬಿಟ್ಟು ನೋಡಿ.

2019ರಲ್ಲಿ ಗೂಗಲ್ ಪ್ಲೇ ಮ್ಯೂಸಿಕ್‌ನಲ್ಲಿ ಇಟ್ಟಿದ್ದವು ಈಗ ಸಿಗುತ್ತವೆಯೇ?

2020ರ ಕೊನೆಗೆ ಆ ಸೇವೆ ನಿಂತಿತು. ಆಗ ಯೂಟ್ಯೂಬ್ ಮ್ಯೂಸಿಕ್‌ಗೆ ವರ್ಗಾಯಿಸಿದ್ದರೆ ಅಲ್ಲಿನ ಅಪ್‌ಲೋಡ್‌ಗಳಲ್ಲಿ ಇರುತ್ತವೆ. ಇಲ್ಲದಿದ್ದರೆ 2021ರ ಫೆಬ್ರವರಿ 24ರ ನಂತರ ಅಳಿಸುವುದಾಗಿ ಗೂಗಲ್ ಮೊದಲೇ ತಿಳಿಸಿತ್ತು. ಹಳೆಯ ಕಂಪ್ಯೂಟರೋ ಸಿ.ಡಿ.ಯೋ ಮನೆಯಲ್ಲಿ ಉಳಿದಿದ್ದರೆ ಅದೇ ಗತಿ.

ಹಾಡು ಇಳಿದಿದೆ, ಆದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು.

ಇದು ಡೌನ್‌ಲೋಡ್ ದೋಷವಲ್ಲ. ಕನ್ನಡದಲ್ಲಿ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಟ್ಯಾಗ್. ಆ ಸಾಲನ್ನು ನಕಲು ಮಾಡಿ ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿ, ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಅಂಟಿಸಿ ಉಳಿಸಿ. ಹೆಸರು ಹತ್ತೇ ಸಂಕೇತಕ್ಕೆ ತುಂಡಾಗಿದ್ದರೆ ಅದು ಐಡಿ3ಯ (ಎಂಪಿ3 ಟ್ಯಾಗ್‌ನ ಮಾದರಿ) ಮೊದಲ ಆವೃತ್ತಿ, ಅಲ್ಲಿ ಹೆಸರಿಗೆ 30 ಬೈಟ್ ಮಾತ್ರ. ಎರಡನೇ ಆವೃತ್ತಿಯ ಟ್ಯಾಗ್ ಹಾಕಿ.

ಎಲ್ಲ ಸರಿಯಾಗಿ ಇಳಿಯಿತು. ಕಾರಿನ ಪೆನ್‌ಡ್ರೈವ್‌ಗೆ ಹಾಕಿದರೆ ಹಾಡುವುದಿಲ್ಲ.

ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿರಲಿ. ಹಳೆಯ ಸ್ಟೀರಿಯೋಗಳು ಬೇರೆಯದನ್ನು ಓದುವುದಿಲ್ಲ. ಫ್ಯಾಟ್32ಗೆ 4 ಜಿಬಿ ಮೀರಿದ ಒಂದೇ ಫೈಲ್ ಹೋಗುವುದಿಲ್ಲ, ಹಾಗಾಗಿ ಜಿಪ್ಪನ್ನು ಹಾಗೇ ಹಾಕಬೇಡಿ, ಬಿಚ್ಚಿ ಹಾಕಿ. ಎಎಸಿ, ಫ್ಲ್ಯಾಕ್ ಹಾಡದಿದ್ದರೆ ಎಂಪಿ3ಗೆ ಪರಿವರ್ತಿಸಿ. ಆ್ಯಪಲ್ ಮ್ಯೂಸಿಕ್ ಚಂದಾದ ಹಾಡುಗಳಿಗೆ ಬೀಗ ಇರುವುದರಿಂದ ಅವು ಪರಿವರ್ತನೆಯಾಗುವುದಿಲ್ಲ. ಕನ್ನಡ ಹೆಸರುಗಳು ಚೌಕ ಚೌಕವಾಗಿ ಕಂಡರೆ ಸ್ಟೀರಿಯೋದಲ್ಲಿ ಕನ್ನಡ ಫಾಂಟ್ ಇಲ್ಲ. ಪೆನ್‌ಡ್ರೈವ್‌ನ ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕೊಡಿ, ಮನೆಯ ಮೂಲವನ್ನು ಮುಟ್ಟಬೇಡಿ.